ಎಡಗಡೆ ಕೂಡದ ಗೆರೆ

ನರಸಿಂಹರಾಜಪುರ
12 ಆಗಸ್ಟ್ 2003

ಶ್ರೀ ಉಮಾಮಹೇಶ್ವರ ಅವರಿಗೆ,

ನಮಸ್ಕಾರ. ನನ್ನ ಪರಿಚಯ ನಿಮಗಿಲ್ಲ. ಶೆಟ್ಟಿಕೊಪ್ಪದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಮನೆ ನರಸಿಂಹರಾಜಪುರದಲ್ಲಿ. ಹೋದ ತಿಂಗಳು ಶೃಂಗೇರಿಗೆ ಬಂದಿದ್ದಾಗ ರೇಣುಕಪ್ಪನವರ ಔಷಧಿ ಅಂಗಡಿಯ ಬೋರ್ಡು ಕಣ್ಣಿಗೆ ಬಿತ್ತು. ರಸ್ತೆಯ ಆ ತುದಿಗೆ ಹೋಗಿ ತಿರುಗಿ ನೋಡಿದೆ, ಅಲ್ಲಿಂದಲೂ ಒಂದೊಂದು ಅಕ್ಷರ ಓದಲು ಬರುತ್ತಿತ್ತು. ಬರೆದವರು ಯಾರೆಂದು ಅವರನ್ನೇ ಕೇಳಿ ನಿಮ್ಮ ವಿಳಾಸ ತೆಗೆದುಕೊಂಡೆ.

ನನಗೆ ಎರಡು ಚಾರ್ಟ್ ಬೇಕು. ಒಂದು ಸಸ್ಯಕೋಶ, ಇನ್ನೊಂದು ಪ್ರಾಣಿಕೋಶ. ಗಟ್ಟಿ ಬಟ್ಟೆಯ ಮೇಲೆ, ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ, ಕೊನೆಯ ಬೆಂಚಿನ ಮಕ್ಕಳಿಗೂ ಕಾಣುವ ಹಾಗೆ. ನಮ್ಮ ಶಾಲೆಯಲ್ಲಿ ಇರುವುದು ಒಂದೇ ಸೂಕ್ಷ್ಮದರ್ಶಕ, ಅದರ ಮಸೂರಕ್ಕೆ ಬೂಷ್ಟು ಹಿಡಿದಿದೆ. ಈರುಳ್ಳಿಯ ಪೊರೆ ಇಟ್ಟು ತೋರಿಸಿದರೆ ಮಕ್ಕಳು ಆ ಬೂಷ್ಟನ್ನೇ ನೋಡುತ್ತಾರೆ. ಜೀವಕೋಶದ ಚಿತ್ರ ಬರೆಯಿರಿ ಎಂದರೆ ಒಂದು ಸೊನ್ನೆ ಸುತ್ತಿ ನಡುವೆ ಚುಕ್ಕೆ ಇಡುತ್ತಾರೆ. ಒಬ್ಬಳನ್ನು “ಇದೆಂತ?” ಎಂದು ಕೇಳಿದೆ. “ಇಡ್ಲಿ ಒಳಗಿನ ಗೋಡಂಬಿ ಟೀಚರ್” ಎಂದಳು.

ಪಠ್ಯಪುಸ್ತಕದ ಎರಡು ಹಾಳೆ ಕತ್ತರಿಸಿ ಇದರೊಂದಿಗೆ ಇಟ್ಟಿದ್ದೇನೆ. ಭಾಗಗಳ ಹೆಸರು ಅದರಲ್ಲೇ ಇವೆ. ನನ್ನದು ಒಂದೇ ಕೋರಿಕೆ, ಗೆರೆಗಳು ಸರಿಯಾಗಿರಬೇಕು. ಚಾರ್ಟಿನಲ್ಲಿ ತಪ್ಪಿದ್ದರೆ ಮಕ್ಕಳು ಆ ತಪ್ಪನ್ನೇ ಹತ್ತು ವರ್ಷ ನೆನಪಿಟ್ಟುಕೊಳ್ಳುತ್ತಾರೆ.

ಇತಿ,
ಗೋದಾವರಿ


ಶೃಂಗೇರಿ
20 ಆಗಸ್ಟ್ 2003

ಗೋದಾವರಿ ಮೇಡಂನವರಿಗೆ ಉಮಾಮಹೇಶ್ವರನ ನಮಸ್ಕಾರಗಳು.

ತಮ್ಮ ಕಾಗದ, ಹಾಳೆಗಳು ತಲುಪಿದವು. ಕೆಲಸ ಒಪ್ಪಿಕೊಂಡಿದ್ದೇನೆ. ಆದರೆ ನಾನು ಓದಿದ್ದು ಏಳನೇ ಕ್ಲಾಸು. ಅಂಗಡಿ ಬೋರ್ಡು, ಬಸ್ಸಿನ ಹೆಸರು, ದೇವರ ಪಟ, ಇಷ್ಟೇ ನನ್ನ ಕಸುಬು. ದೇವರ ಪಟ ಬರೆಯುವಾಗ ಯಾವ ಕೈಯಲ್ಲಿ ಏನಿದೆ, ಏತಕ್ಕಿದೆ ಎಂದು ತಿಳಿದುಕೊಂಡೇ ಕುಂಚ ಹಿಡಿಯುತ್ತೇನೆ. ನೀವು ಕಳಿಸಿದ ಚಿತ್ರದಲ್ಲಿ ಹತ್ತು ಹನ್ನೆರಡು ಹೆಸರಿವೆ. ಒಂದೊಂದರ ಕೆಲಸ ಏನೆಂದು ಗೊತ್ತಿಲ್ಲದೆ ಬಣ್ಣ ಹಾಕಿದರೆ ಅದು ಬರೀ ರಂಗೋಲಿ ಆಗುತ್ತದೆ. ದಯವಿಟ್ಟು ಎರಡು ಸಾಲಿನಲ್ಲಾದರೂ ಬರೆದು ತಿಳಿಸಬೇಕು.

ನನ್ನ ಮಗಳು ಅರ್ಪಣಾಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ನಿಮ್ಮ ಹಾಳೆ ನೋಡಿ, “ಅಪ್ಪ, ನಮ್ಮ ಮೈಯೆಲ್ಲ ಇದೇ ಇರೋದಾ?” ಎಂದಳು. ಹೌದಂತೆ ಎಂದೆ. ಊಟ ಮಾಡುವಾಗ ತನ್ನ ಅಂಗೈಯನ್ನೇ ನೋಡುತ್ತ ಕುಳಿತಿದ್ದಳು. ನನ್ನ ಹೆಂಡತಿ ಶಾಂತ ಬೈದ ಮೇಲೆ ಅನ್ನ ಕಲಸಿದಳು.

ತಮ್ಮ ವಿಧೇಯ,
ಉಮಾಮಹೇಶ್ವರ


ನರಸಿಂಹರಾಜಪುರ
27 ಆಗಸ್ಟ್ 2003

ಉಮಾಮಹೇಶ್ವರ ಅವರೇ,

ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಏತಕ್ಕಿದೆ ಎಂದು ಕೇಳಿದ ಮಕ್ಕಳು ನಾಲ್ಕೈದು ಮಂದಿ ಇರಬಹುದು. ನೀವು ಕೇಳಿದ್ದು ಖುಷಿಯಾಯಿತು.

ಸಸ್ಯಕೋಶದ ಹೊರಗಿನ ದಪ್ಪ ಗೆರೆ ಕೋಶಭಿತ್ತಿ. ಅದು ಗಟ್ಟಿ. ಮೂಳೆ ಇಲ್ಲದ ಗಿಡ ನೆಟ್ಟಗೆ ನಿಲ್ಲುವುದು ಅದರ ಬಲದಿಂದ. ಪ್ರಾಣಿಕೋಶಕ್ಕೆ ಈ ಭಿತ್ತಿ ಇಲ್ಲ, ಆದ್ದರಿಂದ ಅದರ ಆಕಾರ ದುಂಡಗೆ, ಸ್ವಲ್ಪ ಸೊಟ್ಟಗೆ ಇರಲಿ. ಭಿತ್ತಿಯ ಒಳಗೆ ತೆಳುವಾದ ಕೋಶಪೊರೆ ಎರಡಕ್ಕೂ ಇದೆ. ಯಾವುದು ಒಳಗೆ ಬರಬೇಕು, ಯಾವುದು ಹೊರಗೆ ಹೋಗಬೇಕು ಎಂದು ನೋಡಿಕೊಳ್ಳುವುದು ಅದು. ಒಳಗೆ ತುಂಬಿರುವ ಗಂಜಿಯಂಥದ್ದು ಕೋಶದ್ರವ್ಯ. ಉಳಿದೆಲ್ಲ ಅದರಲ್ಲಿ ತೇಲುತ್ತವೆ.

ದೊಡ್ಡ ಗುಂಡು ಕೋಶಕೇಂದ್ರ. ಕೋಶದ ಎಲ್ಲ ಕೆಲಸ ನಡೆಯುವುದು ಅದರ ಅಪ್ಪಣೆಯಂತೆ. ಉದ್ದನೆಯ ಕಾಳಿನ ಹಾಗಿರುವವು ಮೈಟೋಕಾಂಡ್ರಿಯ. ಉಂಡ ಆಹಾರದಿಂದ ಶಕ್ತಿ ತೆಗೆಯುವುದು ಅಲ್ಲಿ. ಹಸಿರಾಗಿರುವವು ಕ್ಲೋರೋಪ್ಲಾಸ್ಟ್. ಅವು ಗಿಡಕ್ಕೆ ಮಾತ್ರ. ಬಿಸಿಲು ಹಿಡಿದು ಆಹಾರ ತಯಾರಿಸುತ್ತವೆ. ನಡುವೆ ದೊಡ್ಡ ಜಾಗ ಹಿಡಿದಿರುವುದು ರಸದಾನಿ, ನೀರಿನ ತೊಟ್ಟಿ ಎಂದುಕೊಳ್ಳಿ. ಅದರಲ್ಲಿ ನೀರು ಕಡಿಮೆಯಾದರೆ ಎಲೆ ಜೋಲುತ್ತದೆ. ಪ್ರಾಣಿಕೋಶದಲ್ಲಿ ಅದು ಇದ್ದರೂ ತೀರ ಸಣ್ಣದು.

ಇನ್ನೊಂದು ವಿಷಯ. ಇವುಗಳಲ್ಲಿ ಹೆಚ್ಚಿನವಕ್ಕೆ ನಿಜವಾಗಿ ಬಣ್ಣವೇ ಇಲ್ಲ. ಹಸಿರೊಂದು ಬಿಟ್ಟು ಉಳಿದದ್ದು ನಮ್ಮ ಅನುಕೂಲಕ್ಕೆ. ಹಾಗಾಗಿ ನಿಮ್ಮ ಇಷ್ಟ.

ಅರ್ಪಣಾಗೆ ಹೇಳಿ, ಅಂಗೈ ನೋಡಿದ್ದು ಸರಿಯೇ ಎಂದು. ಆದರೆ ಊಟ ಮಾಡಿ ನೋಡಬೇಕು.

ಗೋದಾವರಿ


ಶೃಂಗೇರಿ
5 ಅಕ್ಟೋಬರ್ 2003

ಮೇಡಂನವರಿಗೆ ನಮಸ್ಕಾರಗಳು.

ಎರಡೂ ಚಾರ್ಟು ಪೈಪಿನೊಳಗೆ ಸುತ್ತಿ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟಿದ್ದೇನೆ. ತಡವಾದದ್ದಕ್ಕೆ ಕ್ಷಮೆ ಇರಲಿ. ಈಚೆಗೆ ನನ್ನ ಕೆಲಸ ನಿಧಾನ. ಕ್ಲೋರೋಪ್ಲಾಸ್ಟಿಗೆ ಸಸಿಮಡಿಯ ಹಸಿರು ಹಾಕಿದ್ದೇನೆ. ಮೈಟೋಕಾಂಡ್ರಿಯ ಬರೆಯುವಾಗ ಶಾಂತ ಮುಂದೆ ನಾಲ್ಕು ಹುರುಳಿಕಾಳು ತಂದಿಟ್ಟಳು, ಅದನ್ನೇ ನೋಡಿ ಬರೆದೆ.

ಒಂದು ಸಣ್ಣ ಪ್ರಶ್ನೆ, ಸುಮ್ಮನೆ ಕುತೂಹಲಕ್ಕೆ. ಕೋಶಕೇಂದ್ರ ಅಪ್ಪಣೆ ಕೊಡುತ್ತದೆ ಎಂದಿರಿ. ಆ ಅಪ್ಪಣೆ ಅದಕ್ಕೆ ಎಲ್ಲಿಂದ ಬರುತ್ತದೆ? ತಂದೆಯ ಕೋಶಕೇಂದ್ರದಲ್ಲಿ ಇದ್ದದ್ದೆಲ್ಲ ಮಗುವಿಗೂ ಬರುತ್ತದೆಯೇ? ಬಿಡುವಾದಾಗ ಬರೆಯಿರಿ. ಅವಸರವೇನಿಲ್ಲ.

ಉಮಾಮಹೇಶ್ವರ


ನರಸಿಂಹರಾಜಪುರ
14 ಅಕ್ಟೋಬರ್ 2003

ಉಮಾಮಹೇಶ್ವರ ಅವರೇ,

ಚಾರ್ಟು ಬಿಚ್ಚಿದಾಗ ಇಡೀ ತರಗತಿ ಎದ್ದು ನಿಂತಿತು. ನಮ್ಮ ಮುಖ್ಯೋಪಾಧ್ಯಾಯ ರಂಗಪ್ಪನವರು ಯಾವುದನ್ನೂ ಹೊಗಳುವವರಲ್ಲ. ಅವರು ಕೂಡ “ಕೈ ಅಂದ್ರೆ ಇದು ಮಾರಾಯ್ರೆ” ಎಂದರು. ನಿಮ್ಮ ರಸದಾನಿಗೆ ಬೆರಳು ಮುಟ್ಟಿಸಿದರೆ ಒದ್ದೆಯಾಗುತ್ತದೋ ಎನಿಸುತ್ತದೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕೋಶಕೇಂದ್ರದೊಳಗೆ ದಾರದಂತೆ ವರ್ಣತಂತುಗಳಿವೆ. ಮನುಷ್ಯನಿಗೆ ನಲವತ್ತಾರು. ಇಪ್ಪತ್ತಮೂರು ತಂದೆಯಿಂದ, ಇಪ್ಪತ್ತಮೂರು ತಾಯಿಯಿಂದ. ಮೈಬಣ್ಣ, ಕೂದಲು, ಎತ್ತರ, ಎಲ್ಲದರ ಅಪ್ಪಣೆ ಅದರಲ್ಲೇ ಬರೆದಿರುತ್ತದೆ. ರೋಗಗಳೂ ಕೆಲವು ಹಾಗೇ ಬರುತ್ತವೆ. ಆದರೆ ಪ್ರಕೃತಿ ಜಾಣೆ. ಒಬ್ಬರ ಕಡೆಯಿಂದ ಬಂದ ಅಪ್ಪಣೆಯಲ್ಲಿ ತಪ್ಪಿದ್ದರೆ ಎಷ್ಟೋ ಸಲ ಇನ್ನೊಬ್ಬರ ಕಡೆಯದು ಅದನ್ನು ಮುಚ್ಚಿಕೊಳ್ಳುತ್ತದೆ. ಎರಡೂ ಕಡೆಯಿಂದ ಅದೇ ತಪ್ಪು ಬಂದರೆ ಮಾತ್ರ ತೊಂದರೆ. ಅತ್ತೆಯ ಮಗ, ಮಾವನ ಮಗಳು ಎಂದು ಸಂಬಂಧದೊಳಗೇ ಮದುವೆಯಾದಾಗ ಅದು ಹೆಚ್ಚು. ಹತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನು ಹೇಳಿದಾಗ ಹುಡುಗಿಯರು ನಗುತ್ತಾರೆ.

ನೀವು ನಿಶ್ಚಿಂತೆಯಿಂದಿರಿ. ಆ ಕೈ ಅರ್ಪಣಾಗೆ ಬಂದೇ ಬರುತ್ತದೆ.

ಗೋದಾವರಿ


ಶೃಂಗೇರಿ
2 ಫೆಬ್ರವರಿ 2004

ಮೇಡಂನವರಿಗೆ ನಮಸ್ಕಾರ.

ನಾಲ್ಕು ತಿಂಗಳು ಉತ್ತರ ಬರೆಯಲಿಲ್ಲ. ಕೆಲಸ ಇತ್ತು ಎಂದರೆ ಸುಳ್ಳಾಗುತ್ತದೆ, ಬರೆಯಲು ತೋಚಲಿಲ್ಲ. ನೀವು ಅಷ್ಟು ವಿವರವಾಗಿ ತಿಳಿಸಿದ್ದಕ್ಕೆ ಋಣಿ.

ಇನ್ನೆರಡು ಪ್ರಶ್ನೆ ಕೇಳಲೇ? ತಪ್ಪು ಅಪ್ಪಣೆ ಇದ್ದರೆ ಅದು ಮಗು ಹುಟ್ಟಿದಾಗಲೇ ಗೊತ್ತಾಗುತ್ತದೆಯೇ, ಆಮೇಲೆಯೇ? ಸತ್ತುಹೋದ ಕೋಶದ ಜಾಗದಲ್ಲಿ ಹೊಸದು ಬರುತ್ತದೆಯೇ?

ಉಮಾಮಹೇಶ್ವರ


ನರಸಿಂಹರಾಜಪುರ
10 ಫೆಬ್ರವರಿ 2004

ಉಮಾಮಹೇಶ್ವರ ಅವರೇ,

ನಿಮ್ಮನ್ನು ನನ್ನ ತರಗತಿಗೆ ಸೇರಿಸಿಕೊಳ್ಳಬೇಕಿತ್ತು. ಕೆಲವು ತಪ್ಪು ಹುಟ್ಟುವಾಗಲೇ ಕಾಣುತ್ತವೆ, ಕೆಲವು ಹತ್ತು ಇಪ್ಪತ್ತು ವರ್ಷ ಸುಮ್ಮನಿದ್ದು ಆಮೇಲೆ ತಲೆಯೆತ್ತುತ್ತವೆ. ಚರ್ಮದ ಕೋಶ ಸತ್ತರೆ ಹೊಸದು ಬರುತ್ತದೆ, ರಕ್ತದ್ದೂ ಅಷ್ಟೆ. ಆದರೆ ಮಿದುಳಿನವು, ಕಣ್ಣಿನ ಹಿಂದೆ ಬೆಳಕು ಹಿಡಿಯುವ ಕೋಶಗಳು, ಇವು ಒಮ್ಮೆ ಹೋದರೆ ಹೋದವು.

ಈಗ ಕೆಲಸದ ಮಾತು. ನವೆಂಬರಿನಲ್ಲಿ ಕೊಪ್ಪದಲ್ಲಿ ವಿಜ್ಞಾನ ವಸ್ತುಪ್ರದರ್ಶನವಿದೆ. ಅದಕ್ಕೆ ದೊಡ್ಡದಾಗಿ ಆರು ಅಡಿಯ ಸಸ್ಯಕೋಶ, ಪ್ರಾಣಿಕೋಶ ಬೇಕು. ಬಹುಮಾನ ಬಂದರೆ ತಾಲ್ಲೂಕಿನ ಹದಿನೆಂಟು ಶಾಲೆಗೆ ನಿಮ್ಮಿಂದಲೇ ಬರೆಸುವಂತೆ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಮಾತಾಡುತ್ತೇನೆ. ಸಾಕಷ್ಟು ಸಮಯವಿದೆ, ನಿಧಾನವಾಗಿ ಮಾಡಿ.

ಗೋದಾವರಿ


ನರಸಿಂಹರಾಜಪುರ
29 ನವೆಂಬರ್ 2004

ಶ್ರೀ ಉಮಾಮಹೇಶ್ವರ ಅವರಿಗೆ,

ಚಾರ್ಟುಗಳು ಪ್ರದರ್ಶನದ ಹಿಂದಿನ ದಿನ ಬಂದವು. ಬಿಚ್ಚಿ ನೋಡಲು ಪುರುಸೊತ್ತಿರಲಿಲ್ಲ, ನೇರ ಗೋಡೆಗೆ ಹಾಕಿದೆವು. ಆಮೇಲೆ ನೋಡಿದರೆ ಸಸ್ಯಕೋಶದ ಭಿತ್ತಿ ಎಡಗಡೆ ಕೂಡಿಯೇ ಇಲ್ಲ. ಗೆರೆ ಬಂದು ಒಂದು ಗೇಣು ಬಿಟ್ಟು ನಿಂತಿದೆ. ಎರಡು ಮೈಟೋಕಾಂಡ್ರಿಯ ಕೋಶದ ಹೊರಗಿವೆ. ‘ಕೋಶದ್ರವ್ಯ’ ಎಂಬ ಹೆಸರಿನ ಕೊನೆಯ ಅಕ್ಷರ ಅಂಚಿನಾಚೆ ಹೋಗಿ ಕತ್ತರಿಸಿದೆ. ತೀರ್ಪುಗಾರರೊಬ್ಬರು, “ಇದೆಂತ, ಗೋಡೆ ಬಿದ್ದ ಮನೆಯಾ?” ಎಂದರು. ವಿವರಣೆ ಕೊಡಲು ನಿಂತಿದ್ದ ನಮ್ಮ ಹುಡುಗಿ ನಿಶ್ಚಿತಾ ಎರಡು ವಾರ ಕಂಠಪಾಠ ಮಾಡಿದ್ದಳು. ಅಲ್ಲೇ ಅತ್ತುಬಿಟ್ಟಳು.

ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯುತ್ತೇನೆ. ಅಕ್ಟೋಬರಿನಲ್ಲಿ ಒಂದು ಸಂಜೆ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ನೀವು ತೂರಾಡುತ್ತ ಹೋಗಿ ಬಾಳೆಹಣ್ಣಿನ ಬುಟ್ಟಿಯ ಮೇಲೆ ಬಿದ್ದದ್ದನ್ನು ರಂಗಪ್ಪನವರು ಕಣ್ಣಾರೆ ಕಂಡಿದ್ದಾರೆ. ಶೃಂಗೇರಿಯಲ್ಲಿ ಬೋರ್ಡು ಬರೆಯುವವರು ಎಂದು ಅಲ್ಲಿದ್ದವರೇ ನಿಮ್ಮ ಹೆಸರು ಹೇಳಿದರಂತೆ. ಆ ಕೈಗೆ ಇಂಥ ಚಟ ಅಂಟಿದೆ ಎಂದು ನನಗೆ ಗೊತ್ತಿರಲಿಲ್ಲ. ಕುಡಿದು ಎಳೆದ ಗೆರೆಯನ್ನು ಮಕ್ಕಳ ಮುಂದೆ ತೂಗುಹಾಕಿದ್ದಕ್ಕೆ ನನಗೇ ನಾಚಿಕೆ.

ಗೋದಾವರಿ


ಶೃಂಗೇರಿ
8 ಡಿಸೆಂಬರ್ 2004

ಮೇಡಂನವರಿಗೆ,

ತಪ್ಪು ನನ್ನದೇ. ನಿಶ್ಚಿತಾ ಎಂಬ ಮಗುವಿಗೆ ನನ್ನ ಪರವಾಗಿ ಕ್ಷಮೆ ಕೇಳಿ. ಕುಡಿತದ ವಿಷಯಕ್ಕೆ ನಾನು ಹೇಳುವುದೇನೂ ಇಲ್ಲ. ಕಂಡವರು ಕಂಡದ್ದನ್ನು ಹೇಳಿದ್ದಾರೆ.

ನಿಮ್ಮ ಹಳೆಯ ಕಾಗದಗಳನ್ನೆಲ್ಲ ಜೋಪಾನವಾಗಿ ಇಟ್ಟಿದ್ದೇನೆ.

ಉಮಾಮಹೇಶ್ವರ


ನರಸಿಂಹರಾಜಪುರ
18 ಜೂನ್ 2005

ಉಮಾಮಹೇಶ್ವರ ಅವರೇ,

ಈ ಕಾಗದವನ್ನು ನೀವೊಬ್ಬರೇ ಇರುವಾಗ ಓದಿ. ಅರ್ಪಣಾ ಕೈಗೆ ಸಿಗದಂತೆ ನೋಡಿಕೊಳ್ಳಿ.

ಕಳೆದ ಭಾನುವಾರ ನೆಂಟರ ಮದುವೆಗೆ ಶೃಂಗೇರಿಗೆ ಬಂದಿದ್ದೆ. ಮಧ್ಯಾಹ್ನ ಎರಡು ಗಂಟೆಯ ಬಿಸಿಲು. ನೀವು ರೇಣುಕಪ್ಪನವರ ಅಂಗಡಿಯಿಂದ ಇಳಿದು ನೇರ ಹೋಗಿ ನಿಂತಿದ್ದ ಜೀಪಿನ ಬಾಗಿಲಿಗೆ ಡಿಕ್ಕಿ ಹೊಡೆದಿರಿ. ಹಣೆ ಒರೆಸಿಕೊಂಡು, ಜೀಪಿಗೇ ಕೈಮುಗಿದು, ಬದಿಗೆ ಸರಿದು ನಡೆದಿರಿ. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ರೇಣುಕಪ್ಪನವರು ನಿಮ್ಮ ಹೆಸರು ಹಿಡಿದು ಕೂಗಿದಾಗಲೇ ಅದು ನೀವೆಂದು ತಿಳಿದದ್ದು. ರೇಣುಕಪ್ಪನವರನ್ನು ಕೇಳಿದೆ, “ಇವರು ಹಗಲಿಗೂ ಕುಡೀತಾರಾ?” ಅವರು ನನ್ನನ್ನು ನೋಡಿದ ರೀತಿ ಮರೆಯಲಾರೆ. “ಅವನು ಒಂದು ಹನಿ ಮುಟ್ಟಿದವನಲ್ಲ ಮೇಡಂ. ಕಣ್ಣು ಹೋಗ್ತಾ ಉಂಟು. ಎದುರಿಗಿದ್ದದ್ದು ಕೊಳವೆ ಒಳಗೆ ನೋಡಿದ ಹಾಗೆ ಕಾಣ್ತದೆ, ಅಕ್ಕಪಕ್ಕದ್ದು ಕಾಣೂದಿಲ್ಲ. ಕತ್ತಲಾದ್ರೆ ಪೂರಾ ಇಲ್ಲ. ನಾಲ್ಕೈದು ವರ್ಷ ಆಯ್ತು. ಯಾರಿಗೂ ಹೇಳ್ಬೇಡ ಅಂದಿದ್ದಾನೆ” ಎಂದರು.

ನನ್ನ ತಪ್ಪನ್ನು ಪೂರ್ತಿ ಹೇಳಿಬಿಡುತ್ತೇನೆ. ಡಿಸೆಂಬರಿನಲ್ಲಿ ನಾನು ಕಚೇರಿಗೆ ಕಾಗದ ಬರೆದು, ಈತ ಕುಡುಕ, ಹದಿನೆಂಟು ಶಾಲೆಯ ಕೆಲಸ ಇವನಿಗೆ ಕೊಡಬೇಡಿ ಎಂದು ತಿಳಿಸಿದೆ. ಕೆಲಸ ನಿಮ್ಮ ಕೈತಪ್ಪಿದ್ದು ನನ್ನಿಂದ. ಕಾಗದಗಳಲ್ಲಿ ನಿಮ್ಮ ಅಕ್ಷರ ದೊಡ್ಡದಾಗುತ್ತ ಬಂದದ್ದನ್ನು ಕಂಡು ಸಿಟ್ಟಿನಲ್ಲಿ ಬರೆದಿದ್ದೀರಿ ಎಂದುಕೊಂಡಿದ್ದೆ. ಕೂಡದ ಗೆರೆ ನೋಡಿ ಕುಡಿತ ಎಂದೆ. ಜೀವಶಾಸ್ತ್ರ ಕಲಿಸುವವಳು ನಾನು.

ಈಗ ಮುಖ್ಯ ವಿಷಯ. ನೀವು ಕೇಳಿದ ಪ್ರಶ್ನೆಗಳು ಒಂದೊಂದಾಗಿ ನೆನಪಾಗುತ್ತಿವೆ. ನೀವು ಕೇಳಿದ್ದು ಅರ್ಪಣಾಗಾಗಿ. ಶಾಂತ ನಿಮ್ಮ ಸೋದರಮಾವನ ಮಗಳು ಎಂದು ರೇಣುಕಪ್ಪನವರು ಹೇಳಿದರು. ಸಂಬಂಧದೊಳಗಿನ ಮದುವೆಯ ಮಾತನ್ನು ನಗುತ್ತ ಬರೆದಿದ್ದೆ ನಾನು. ಶಾಂತ ಆ ತಪ್ಪು ಅಪ್ಪಣೆಯನ್ನು ಒಳಗೆ ಇಟ್ಟುಕೊಂಡಿದ್ದರೆ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಆಕೆಯಲ್ಲಿ ಇಲ್ಲದಿದ್ದರೆ ಭಯವಿಲ್ಲ. ಶಿವಮೊಗ್ಗದಲ್ಲಿ ಕಣ್ಣಿನ ಒಳಪದರ ನೋಡಿ ಹೇಳುವ ಡಾಕ್ಟರಿದ್ದಾರೆ. ಮಗುವನ್ನು ಕರೆದುಕೊಂಡು ಬನ್ನಿ, ಸುಮ್ಮನೆ ಕೂರಬೇಡಿ. ನರಸಿಂಹರಾಜಪುರದಲ್ಲಿ ನಾನೂ ಬಸ್ಸು ಹತ್ತುತ್ತೇನೆ. ಫಲಿತಾಂಶ ಗೊತ್ತಾಗುವವರೆಗೆ ಅವಳಿಗೆ ಏನೂ ಹೇಳಬೇಡಿ. ಹನ್ನೊಂದು ವರ್ಷದ ಹುಡುಗಿ ಹೊರುವ ಭಾರವಲ್ಲ ಅದು.

ಕ್ಷಮಿಸಿ ಎಂದು ಕೇಳುವ ಯೋಗ್ಯತೆ ನನಗಿಲ್ಲ.

ಗೋದಾವರಿ


ಶೃಂಗೇರಿ
25 ಜೂನ್ 2005

ಗೋದಾವರಿ ಟೀಚರಿಗೆ ಅರ್ಪಣಾ ಮಾಡುವ ನಮಸ್ಕಾರಗಳು.

ನಾನು ಆರನೇ ತರಗತಿ. ನಿಮ್ಮ ಕಾಗದ ನಾನೇ ಓದಿದೆ. ಅದು ನನ್ನ ಕೈಗೆ ಸಿಗಬಾರದು ಎಂದು ನೀವು ಬರೆದಿದ್ದೀರಿ, ಆದರೆ ಹೋದ ದೀಪಾವಳಿಯಿಂದ ಅಪ್ಪನಿಗೆ ಕಾಗದ ಓದಿ ಹೇಳುವುದು ನಾನೇ. ಅಪ್ಪನಿಗೆ ಈಗ ಒಂದೊಂದೇ ಅಕ್ಷರ ಕಾಣುತ್ತದೆ, ಇಡೀ ಪದ ಕಾಣುವುದಿಲ್ಲ. ಬರೆಯುವಾಗ ಅಂದಾಜಿನ ಮೇಲೆ ಬರೆಯುತ್ತಾರೆ. ಅಮ್ಮ ಓದಲು ಕಲಿತಿಲ್ಲ.

ಮೊದಲನೇ ಸಾಲು ಓದಿದ ಕೂಡಲೇ ನಿಲ್ಲಿಸಬೇಕಿತ್ತು. ಅಪ್ಪ “ಎಂತ ಬರ್ದಿದಾರೆ, ಓದು ಮಗಾ” ಎಂದರು. ಜೀಪಿನ ವಿಷಯ ಓದಿದೆ, ರೇಣುಕಪ್ಪ ಮಾಮ ಹೇಳಿದ್ದು ಓದಿದೆ, ಕಚೇರಿಯದ್ದು ಓದಿದೆ. ‘ಈಗ ಮುಖ್ಯ ವಿಷಯ’ ಎಂಬಲ್ಲಿ ಮತ್ತೆ ನನ್ನ ಹೆಸರು ಕಂಡಿತು. ಅದನ್ನು ಮನಸ್ಸಿನಲ್ಲೇ ಓದಿಕೊಂಡು, ಬಿಟ್ಟು, ಕೊನೆಯ ಸಾಲು ಗಟ್ಟಿಯಾಗಿ ಓದಿದೆ. “ಟೀಚರ್ ಕ್ಷಮೆ ಕೇಳಿದ್ದಾರೆ ಅಪ್ಪ, ಅಷ್ಟೇ” ಎಂದೆ. ಅಪ್ಪ “ಪಾಪ” ಎಂದರು.

ಕಚೇರಿಯ ವಿಷಯ ಅಪ್ಪನಿಗೆ ಮೊದಲೇ ಗೊತ್ತಿತ್ತು ಟೀಚರ್. ಜನವರಿಯಲ್ಲಿ ಕಚೇರಿಯಿಂದ ಕೆಲಸ ಇಲ್ಲ ಎಂದು ಕಾಗದ ಬಂತು. ಅದರ ಜೊತೆ ನೀವು ಬರೆದದ್ದರ ನಕಲು ಇತ್ತು. ನಿಮ್ಮ ಅಕ್ಷರ ನನಗೆ ಗುರುತು ಸಿಕ್ಕಿತು. ನಾನು ಅತ್ತೆ. ಅಪ್ಪ “ಟೀಚರ್ ಮೇಲೆ ಸಿಟ್ಟು ಮಾಡ್ಬೇಡ, ಅಮ್ಮನಿಗೂ ಹೇಳ್ಬೇಡ” ಎಂದರು.

ಚಾರ್ಟಿನ ಗೆರೆ ಕೂಡದೆ ಹೋದದ್ದು ನನ್ನ ತಪ್ಪು. ಮೊದಲನೇ ಸಲ ಬರೆದಾಗ ಗೆರೆ ಎಲ್ಲಿ ಮುಟ್ಟಬೇಕೋ ಅಲ್ಲಿ ನಾನು ಬೆರಳಿಟ್ಟು ನಿಂತಿದ್ದೆ. ಅಪ್ಪ ನನ್ನ ಬೆರಳಿನವರೆಗೆ ಎಳೆಯುತ್ತಿದ್ದರು. ಎರಡನೇ ಸಲ ನನಗೆ ಜ್ವರ ಬಂದು ಅಡ್ಡಗದ್ದೆಯ ಅಜ್ಜಿ ಮನೆಯಲ್ಲಿದ್ದೆ.

ಟೀಚರ್, ಅರ್ಧಕ್ಕರ್ಧ ಅಂದರೆ ಹೌದೋ, ಅಲ್ಲವೋ? ಸಂಜೆ ಕೊಟ್ಟಿಗೆಗೆ ಹೋದರೆ ನನಗೆ ಕರು ಎಲ್ಲಿದೆ ಎಂದು ಕಾಣುವುದಿಲ್ಲ. ಅದರ ಉಸಿರು ಕೇಳಿ ಹೋಗುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ. ಅಪ್ಪನಿಗೆ ಹೇಳಬೇಡಿ. ಉತ್ತರ ಬರೆದರೆ ನಮ್ಮ ಶಾಲೆಯ ವಿಳಾಸಕ್ಕೆ ಬರೆಯಿರಿ.

ಅರ್ಪಣಾ


ನರಸಿಂಹರಾಜಪುರ
1 ಜುಲೈ 2005

ಪ್ರೀತಿಯ ಅರ್ಪಣಾ,

ಗೆರೆ ಕೂಡದ್ದು ನಿನ್ನ ತಪ್ಪಲ್ಲ. ಇದನ್ನು ಮೊದಲು ಓದಿಕೋ, ಎರಡು ಸಲ ಓದಿಕೋ.

ಅರ್ಧಕ್ಕರ್ಧ ಎಂದರೆ ನನಗೆ ಗೊತ್ತಿಲ್ಲ ಎಂದು ಅರ್ಥ. ಡಾಕ್ಟರ್ ನೋಡಿದರೆ ಗೊತ್ತಾಗುತ್ತದೆ. ಕರು ಕಾಣದಿರುವುದಕ್ಕೆ ಬೇರೆ ಕಾರಣವೂ ಇರಬಹುದು. ಕೆಲವು ಮಕ್ಕಳಿಗೆ ಸರಿಯಾದ ಆಹಾರ ಇಲ್ಲದೆ ಹಾಗಾಗುತ್ತದೆ, ಅದಕ್ಕೆ ಔಷಧಿ ಇದೆ. ನಿನ್ನದು ಅದೇ ಆಗಿರಲಿ ಎಂದು ಬಯಸುತ್ತೇನೆ. ಆದರೆ ಅದೇ ಎಂದು ಮಾತು ಕೊಡಲಾರೆ. ನಿಮ್ಮ ಮನೆಯ ವಿಷಯದಲ್ಲಿ ಒಮ್ಮೆ ತಿಳಿಯದೆ ಮಾತಾಡಿದ್ದೇನೆ, ಮತ್ತೆ ಮಾತಾಡಬಾರದು.

ನಿನ್ನ ಅಪ್ಪನಿಗೆ ನಾನು ಹೇಳುವುದಿಲ್ಲ. ಆದರೆ ನೀನು ಹೇಳಬೇಕು. ಅಪ್ಪ ಇಲ್ಲದೆ ಆಸ್ಪತ್ರೆಗೆ ಹೋಗಲಾಗದು. ನೀನು ಬಿಟ್ಟು ಓದಿದ ಭಾಗವನ್ನು ಒಂದು ದಿನ ಗಟ್ಟಿಯಾಗಿ ಓದಿಬಿಡು. ಯಾವ ದಿನ ಹೊರಡುತ್ತೀರಿ ಎಂದು ಒಂದು ಕಾರ್ಡು ಹಾಕು. ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತೇನೆ.

ಗೋದಾವರಿ ಟೀಚರ್


ಶೃಂಗೇರಿ
9 ಆಗಸ್ಟ್ 2005

ಗೋದಾವರಿ ಮೇಡಂನವರಿಗೆ ಉಮಾಮಹೇಶ್ವರನ ನಮಸ್ಕಾರಗಳು.

ನಾನು ಹೇಳುತ್ತಿದ್ದೇನೆ, ಅರ್ಪಣಾ ಬರೆಯುತ್ತಿದ್ದಾಳೆ. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು, ಏನನ್ನೂ ಬಿಡಬಾರದು ಎಂದು ಮಾತು ತೆಗೆದುಕೊಂಡಿದ್ದೇನೆ.

ನೀವು ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತೀರಿ ಎಂದು ಅರ್ಪಣಾಗೆ ಗೊತ್ತಿದ್ದೂ, ಕಾರ್ಡು ಹಾಕದೆ ನಾವು ಶಿವಮೊಗ್ಗಕ್ಕೆ ತೀರ್ಥಹಳ್ಳಿಯ ಮೇಲೆ ಹೋದೆವು. ಬೇಸರ ಮಾಡಿಕೊಳ್ಳಬೇಡಿ. ಆ ದಿನ ನಾವಿಬ್ಬರೇ ಇರಬೇಕು ಎಂದು ಇಬ್ಬರಿಗೂ ಎನಿಸಿತು. ಅವಳ ಕಣ್ಣು ಯಾಕೋ ಉರಿಯುತ್ತದೆ, ತೋರಿಸಿಕೊಂಡು ಬರುತ್ತೇನೆ ಎಂದು ಶಾಂತಾಳಿಗೆ ಸುಳ್ಳು ಹೇಳಿ ಕರೆದುಕೊಂಡು ಹೊರಟಿದ್ದೆ. ತೀರ್ಥಹಳ್ಳಿ ದಾಟಿದ ಮೇಲೆ ಅವಳೇ ನಿಮ್ಮ ಕಾಗದ ತೆಗೆದು, ಬಿಟ್ಟದ್ದನ್ನು ಓದಿದಳು. ಬಸ್ಸಿನ ಸದ್ದಿಗೆ ನನ್ನ ಕಿವಿಗೆ ಬಾಯಿಟ್ಟು ಓದಿದಳು. ನಾನು ಕೇಳಿ, “ಗೊತ್ತಿತ್ತು ಮಗಾ” ಎಂದೆ. ಅಂದು ಮನೆಯಲ್ಲಿ ಓದುವಾಗ ಹಾಳೆ ಮಗುಚಿದ ಸದ್ದಾದ ಮೇಲೆ ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಒಂದೇ ಸಾಲು ಓದಿದಳು. ಅಷ್ಟು ದೊಡ್ಡ ಹಾಳೆಯಲ್ಲಿ ನೀವು ಒಂದೇ ಸಾಲು ಬರೆಯುವವರಲ್ಲ. ಏನು ಬಿಟ್ಟಳು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವಳು ನನಗಾಗಿ, ನಾನು ಅವಳಿಗಾಗಿ ಒಂದು ತಿಂಗಳು ಸುಮ್ಮನಿದ್ದೆವು.

ಡಾಕ್ಟರ್ ಕಣ್ಣಿಗೆ ಹನಿ ಹಾಕಿ, ಬೆಳಕು ಬಿಟ್ಟು ನೋಡಿದರು. ಅವಳಿಗೂ ಅದೇ ಇದೆ. ಈಗಿನ್ನೂ ಶುರು. ನನ್ನಷ್ಟು ಬೇಗ ಹೋಗದಿರಬಹುದು, ಓದು ಮುಗಿಯುವವರೆಗೆ ಪುಸ್ತಕ ಕಾಣಬಹುದು ಎಂದರು. ಔಷಧಿ ಇದೆಯಾ ಎಂದು ಅವಳೇ ಕೇಳಿದಳು. ಈಗ ಇಲ್ಲ ಎಂದರು.

ನೀವು ಕೇಳದಿದ್ದರೂ ಒಂದು ವಿಷಯ ಹೇಳಬೇಕು. ನನ್ನ ತಾಯಿಯ ಅಪ್ಪನಿಗೆ ಹೀಗೇ ಕಣ್ಣು ಹೋಗಿತ್ತು. ಶಾಂತಾಳಿಗೂ ಅವರೇ ಅಜ್ಜ. ಅವರನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ, ನೆಂಟರು ಬಂದರೆ ಬಾಗಿಲು ಹಾಕುತ್ತಿದ್ದರು. ನೀವು ನನ್ನನ್ನು ಕುಡುಕ ಎಂದಾಗ ನಾನು ಅಲ್ಲ ಎನ್ನದಿದ್ದುದು ಅದಕ್ಕೇ. ಕುಡುಕನ ಮಗಳಿಗೆ ಗಂಡು ಸಿಗುತ್ತಾನೆ, ಕಣ್ಣು ಹೋಗುವ ಮನೆತನದ ಹುಡುಗಿಗೆ ಸಿಗುವುದಿಲ್ಲ ಎಂದುಕೊಂಡೆ. ನಿಮ್ಮ ದೂರಿನಿಂದ ನನಗೆ ಅಡಗಲು ಒಂದು ಮರೆ ಸಿಕ್ಕಿತು, ಸಿಟ್ಟು ಬರಲಿಲ್ಲ. ಇದನ್ನು ಬರೆಯುವಾಗ ಅರ್ಪಣಾ ಪೆನ್ನು ನಿಲ್ಲಿಸಿ, “ನನಗೆ ಗಂಡು ಯಾರು ಕೇಳಿದ್ರು ಅಪ್ಪ” ಎಂದಳು. ಅದನ್ನೂ ಬರೆ ಎಂದೆ.

ಕುಂಚಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಕಟ್ಟಿಟ್ಟಿದ್ದೇನೆ. ಕೊಪ್ಪದಲ್ಲಿ ಫ್ಲೆಕ್ಸ್ ಅಂಗಡಿ ಬಂದಿದೆ, ಕಣ್ಣಿದ್ದರೂ ಕೆಲಸ ಇರುತ್ತಿರಲಿಲ್ಲ. ಶಾಂತ ಅಂಗನವಾಡಿಗೆ ಅಡುಗೆಗೆ ಹೋಗುತ್ತಾಳೆ. ಊಟಕ್ಕೆ ತೊಂದರೆಯಿಲ್ಲ. ನೀವು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅರ್ಪಣಾಗೆ ಕಣ್ಣಿನ ಪಾಠ ಯಾವ ಕ್ಲಾಸಿನಲ್ಲಿ ಬರುತ್ತದೋ ಗೊತ್ತಿಲ್ಲ. ಅಲ್ಲಿವರೆಗೆ ಕಾಯಲಾರಳಂತೆ. ನಿಮಗೆ ಬಿಡುವಿದ್ದರೆ ಅವಳಿಗೆ ಬರೆದು ಕಳಿಸಿ, ಮುಚ್ಚುಮರೆ ಇಲ್ಲದೆ. ಅವಳೇ ಓದಿಕೊಳ್ಳುತ್ತಾಳೆ.

ಹೋದ ವಾರದಿಂದ ಬೆಳಿಗ್ಗೆ ಅವಳು ಶಾಲೆಗೆ ಹೊರಡುವ ಮುಂಚೆ ನಾನು ಅವಳಿಗೆ ಕಣ್ಣುಮುಚ್ಚಿ ನಡೆಯುವುದನ್ನು ಕಲಿಸುತ್ತಿದ್ದೇನೆ. ನನ್ನ ಹತ್ತಿರ ಕಲಿಸಲು ಉಳಿದಿರುವ ವಿದ್ಯೆ ಇದೊಂದೇ. ಕೈ ಮುಂದೆ ಚಾಚಬಾರದು, ಸೊಂಟದ ಹತ್ತಿರ ಇಟ್ಟುಕೊಳ್ಳಬೇಕು. ಮೆಟ್ಟಿಲ ಹತ್ತಿರ ಬಂದರೆ ಹಿಮ್ಮಡಿ ಊರಬಾರದು. ಗೋಡೆ ಹತ್ತಿರವಿದ್ದರೆ ಕೆನ್ನೆಗೆ ಗಾಳಿ ತಾಗುವುದಿಲ್ಲ, ಅದನ್ನು ಗಮನಿಸಬೇಕು. ಮೊದಲ ಮೂರು ದಿನ ಬಾವಿಕಟ್ಟೆಗೆ ಮೊಣಕಾಲು ಹೊಡೆದುಕೊಂಡಳು. ಇವತ್ತು ಅಡುಗೆಮನೆಯಿಂದ ಜಗಲಿಯವರೆಗೆ, ಜಗಲಿಯಿಂದ ಬಾವಿಕಟ್ಟೆಯವರೆಗೆ ಎಲ್ಲೂ ಎಡವದೆ ಹೋದಳು. ಶಾಂತ ಅದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳಂತೆ, ಆಮೇಲೆ ತಾನೇ ಹೇಳಿದಳು. ನನಗೆ ಅರ್ಪಣಾಳ ಕಾಲಿನ ಸದ್ದು ಮಾತ್ರ ಕೇಳುತ್ತಿತ್ತು. ಅದು ಬಾವಿಕಟ್ಟೆಯ ಹತ್ತಿರ ನಿಂತಿತು.

“ಬಂದೆ ಅಪ್ಪ” ಎಂದಳು.

ಇನ್ನೊಂದು ಸಲ ನಡಿ ಎಂದೆ.

ಉಮಾಮಹೇಶ್ವರ